ರೀರೈಟ್ ಪ್ರಶ್ನೆಗೆ ಕನ್ನಡದ ದಾರಿ

ಹೈಸ್ಕೂಲಿನಲ್ಲಿ ‘ರೀರೈಟ್ ಆಸ್ ಡೈರೆಕ್ಟೆಡ್’ ಅಂತ ಒಂದು ಪ್ರಶ್ನೆ ಬರ್ತಿತ್ತು, ನೆನಪಿದೆಯಾ? ಆಕ್ಟಿವ್ ಕೊಟ್ಟು ಪ್ಯಾಸಿವ್ ಮಾಡಿ ಅನ್ನೋರು, ಡೈರೆಕ್ಟ್ ಸ್ಪೀಚ್ ಕೊಟ್ಟು ಇನ್‌ಡೈರೆಕ್ಟ್ ಮಾಡಿ ಅನ್ನೋರು. ಎಸ್ಸೆಸ್ಸೆಲ್ಸಿ ಮುಗೀತು, ಪಿಯುಸಿ ಮುಗೀತು, ಸಿಇಟಿ ಬರೆದು ಇಂಜಿನಿಯರಿಂಗ್ ಸೇರಿದ್ವಿ. ಇನ್ನು ಅದರ ಕಾಟ ಇಲ್ಲ ಅಂತ ನಿಮ್ಮಲ್ಲಿ ಎಷ್ಟೋ ಜನ ಅಂದುಕೊಂಡಿರಬಹುದು. ಅದು ಎಲ್ಲೂ ಹೋಗಿಲ್ಲ. ಎಸ್‌ಎಸ್‌ಸಿಯ ಸಿಜಿಎಲ್ ಪರೀಕ್ಷೆ ಕಟ್ಟಿದವರಿಗೆ ಆಕ್ಟಿವ್-ಪ್ಯಾಸಿವ್, ಡೈರೆಕ್ಟ್-ಇನ್‌ಡೈರೆಕ್ಟ್ ಎರಡೂ ನಾಲ್ಕು ಆಯ್ಕೆಗಳ ರೂಪದಲ್ಲಿ ಮತ್ತೆ ಎದುರಾಗುತ್ತವೆ. ಪ್ಲೇಸ್‌ಮೆಂಟ್‌ನ ಆನ್‌ಲೈನ್ ಟೆಸ್ಟ್‌ಗಳ ವರ್ಬಲ್ ಭಾಗದಲ್ಲಿ ‘ಈ ವಾಕ್ಯವನ್ನು ಸರಿಪಡಿಸಿ’ ಅನ್ನೋ ವೇಷದಲ್ಲಿ ಬರುತ್ತೆ. ಹೊರದೇಶಕ್ಕೆ ಓದೋಕೆ ಹೋಗಬೇಕು ಅಂತ ಕೇಂಬ್ರಿಡ್ಜ್‌ನವರ ಬಿ2 ಫಸ್ಟ್ ಅಥವಾ ಸಿ1 ಅಡ್ವಾನ್ಸ್‌ಡ್ ಪರೀಕ್ಷೆ ತಗೊಂಡವರಿಗಂತೂ ಇದಕ್ಕೇ ಒಂದು ಪೂರ್ತಿ ಭಾಗ ಇದೆ.

ಈ ಲೇಖನದಲ್ಲಿ ಕೇಂಬ್ರಿಡ್ಜ್ ಮಾದರಿಯನ್ನೇ ಮುಂದಿಟ್ಟುಕೊಂಡು ಮಾತಾಡ್ತೀನಿ. ಅಲ್ಲಿ ಆಯ್ಕೆಗಳು ಇರೋದಿಲ್ಲ, ನಾವೇ ಬರೀಬೇಕು. ಬರೆಯೋಕೆ ಬಂದರೆ ನಾಲ್ಕರಲ್ಲಿ ಒಂದನ್ನ ಆರಿಸೋದು ತಾನಾಗೇ ಬರುತ್ತೆ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಜೋರಾಗಿ ಓದಿಕೊಳ್ಳಿ, ಆಮೇಲೆ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಿ. ಸ್ಪೆಲಿಂಗ್ ಅಭ್ಯಾಸವೂ ಆಗುತ್ತೆ, ಯಾಕಂದ್ರೆ ಈ ಭಾಗದಲ್ಲಿ ಸ್ಪೆಲಿಂಗ್ ತಪ್ಪಿದರೆ ಅಂಕ ಹೋಗುತ್ತೆ.

ಪ್ರಶ್ನೆ ಹೇಗಿರುತ್ತೆ

ಬಿ2 ಫಸ್ಟ್‌ನ ‘ರೀಡಿಂಗ್ ಆ್ಯಂಡ್ ಯೂಸ್ ಆಫ್ ಇಂಗ್ಲಿಷ್’ ಪತ್ರಿಕೆಗೆ 1 ಗಂಟೆ 15 ನಿಮಿಷ, ಒಟ್ಟು 52 ಪ್ರಶ್ನೆ, 7 ಭಾಗ. ನಾಲ್ಕನೇ ಭಾಗ ನಮ್ಮದು: 25ರಿಂದ 30ರವರೆಗಿನ 6 ಪ್ರಶ್ನೆಗಳು. ಪ್ರತಿಯೊಂದಕ್ಕೂ 2 ಅಂಕ. ಒಂದು ಪೂರ್ತಿ ವಾಕ್ಯ ಕೊಟ್ಟಿರ್ತಾರೆ, ಕೆಳಗೆ ಒಂದು ಕೀ ವರ್ಡ್, ಅದರ ಕೆಳಗೆ ನಡುವೆ ಖಾಲಿ ಬಿಟ್ಟ ಇನ್ನೊಂದು ವಾಕ್ಯ. ಮೊದಲ ವಾಕ್ಯದ ಅರ್ಥವೇ ಬರೋ ಹಾಗೆ ಖಾಲಿ ಜಾಗ ತುಂಬಬೇಕು. ಕೀ ವರ್ಡನ್ನು ಬಳಸಲೇಬೇಕು, ಅದರ ರೂಪ ಬದಲಿಸಬಾರದು. ಕೀ ವರ್ಡೂ ಸೇರಿ 2ರಿಂದ 5 ಪದ. ಸಿ1 ಅಡ್ವಾನ್ಸ್‌ಡ್‌ನಲ್ಲಿ 3ರಿಂದ 6 ಪದ, ಸಿ2 ಪ್ರೊಫಿಷಿಯೆನ್ಸಿಯಲ್ಲಿ 3ರಿಂದ 8. ಉಳಿದದ್ದೆಲ್ಲ ಅದೇ ಆಟ.

ಒಂದು ಉದಾಹರಣೆ ನೋಡಿ.

“ದಿ ಲಾಸ್ಟ್ ಟೈಮ್ ಐ ಸಾ ಹಿಮ್ ವಾಸ್ ಇನ್ ಮಾರ್ಚ್.”
ಕೀ ವರ್ಡ್: ಸಿನ್ಸ್
“ಐ ______ ಮಾರ್ಚ್.”

ಉತ್ತರ: ‘ಹ್ಯಾವ್ ನಾಟ್ ಸೀನ್ ಹಿಮ್ ಸಿನ್ಸ್’. ಐದು ಪದ. ‘ಹ್ಯಾವೆಂಟ್’ ಅಂತ ಕೂಡಿಸಿ ಬರೆದರೆ ನಾಲ್ಕಾಗುತ್ತಾ? ಇಲ್ಲ. ಅವರ ಲೆಕ್ಕದಲ್ಲಿ ಅದು ಎರಡೇ ಪದ. ಬಿಡಿಸಿ ಬರೆದಾಗ ಎಷ್ಟಾಗುತ್ತೋ ಅಷ್ಟು. ‘ಕಾಂಟ್’ ಒಂದಕ್ಕೆ ಮಾತ್ರ ವಿನಾಯ್ತಿ, ಯಾಕಂದ್ರೆ ‘ಕ್ಯಾನಾಟ್’ ಅನ್ನೋದು ಒಂದೇ ಪದ. ಐದು ಪದದ ಮಿತಿ ಇರೋ ಕಡೆ ಈ ಎಣಿಕೆ ಗೊತ್ತಿಲ್ಲದೆ ಆರು ಪದ ಬರೆದು ಬರೋರು ಬಹಳ.

ಇನ್ನೊಂದು ಗುಟ್ಟು ಆ 2 ಅಂಕದಲ್ಲಿದೆ. ಉತ್ತರವನ್ನ ಎರಡು ತುಂಡು ಮಾಡಿ ನೋಡ್ತಾರೆ, ತುಂಡಿಗೆ ಒಂದು ಅಂಕ. ಮೇಲಿನದರಲ್ಲಿ ‘ಹ್ಯಾವ್ ನಾಟ್ ಸೀನ್’ ಒಂದು ತುಂಡು, ‘ಹಿಮ್ ಸಿನ್ಸ್’ ಇನ್ನೊಂದು ಅಂತಿಟ್ಟುಕೊಳ್ಳಿ. ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತೆ. ನೆಗೆಟಿವ್ ಮಾರ್ಕಿಂಗ್ ಇಲ್ಲ. ಹಾಗಾಗಿ ಅರ್ಧ ಗೊತ್ತಿದ್ದರೂ ಬರೆದೇ ಬರಬೇಕು, ಖಾಲಿ ಬಿಡೋದು ಶುದ್ಧ ನಷ್ಟ. ಎಸ್‌ಎಸ್‌ಸಿ ಸಿಜಿಎಲ್ ಮೊದಲ ಹಂತದಲ್ಲಿ ಲೆಕ್ಕ ಬೇರೆ: ಅಲ್ಲಿ ತಪ್ಪಿಗೆ 0.50 ಕಳೀತಾರೆ, ಆದ್ದರಿಂದ ಅಲ್ಲಿ ಊಹೆ ಮಾಡೋ ಮುಂಚೆ ಕನಿಷ್ಠ ಎರಡು ಆಯ್ಕೆಗಳನ್ನಾದರೂ ಹೊಡೆದು ಹಾಕಿರಬೇಕು.

‘ಇಂಗ್ಲಿಷಲ್ಲೇ ಯೋಚಿಸಿ’ ಅನ್ನೋ ಉಪದೇಶ

ಕನ್ನಡ ಮೀಡಿಯಮ್‌ನಿಂದ ಬಂದವರಿಗೆ ಈ ಮಾತು ಮೊದಲ ಸೆಮಿಸ್ಟರ್‌ನಿಂದಲೇ ಬೀಳೋಕೆ ಶುರುವಾಗುತ್ತೆ. “ನೀವು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತರ್ಜುಮೆ ಮಾಡ್ತೀರಿ, ಅದಕ್ಕೇ ತಪ್ಪಾಗೋದು.” ಮಾತಾಡುವಾಗ, ಇಂಟರ್‌ವ್ಯೂನಲ್ಲಿ ಪಟಪಟನೆ ಉತ್ತರ ಕೊಡುವಾಗ ಅದು ಸ್ವಲ್ಪ ಮಟ್ಟಿಗೆ ಸರಿ. ಆದರೆ ರೀರೈಟ್ ಪ್ರಶ್ನೆಯ ವಿಷಯದಲ್ಲಿ ಈ ಉಪದೇಶ ಅರ್ಧ ತಪ್ಪು ಅನ್ನೋದು ನನ್ನ ಅಭಿಪ್ರಾಯ. ಇಲ್ಲಿ ಪರೀಕ್ಷೆ ಆಗ್ತಿರೋದು ಎರಡು ವಿಷಯ: ಒಂದು, ಮೊದಲ ವಾಕ್ಯದ ಅರ್ಥ ನಿಮಗೆ ನಿಖರವಾಗಿ ಗೊತ್ತಾಯ್ತಾ, ಎರಡು, ಅದೇ ಅರ್ಥವನ್ನ ಬೇರೆ ಚೌಕಟ್ಟಿಗೆ ಕೂರಿಸೋಕೆ ಬರುತ್ತಾ. ಮೊದಲನೆಯದಕ್ಕೆ ನಿಮ್ಮ ಹತ್ತಿರ ಇರೋ ಅತ್ಯಂತ ಸೂಕ್ಷ್ಮವಾದ ಉಪಕರಣ ಕನ್ನಡವೇ. ಯಾಕೆ ಅದನ್ನ ಪರೀಕ್ಷಾ ಕೊಠಡಿಯ ಹೊರಗೆ ಚಪ್ಪಲಿ ಜೊತೆ ಬಿಟ್ಟು ಬರಬೇಕು?

ಗೈಡುಗಳು ಹೇಳಿಕೊಡೋ ದಾರಿ ಇನ್ನೊಂದು: ಸೂತ್ರ. ‘ಆಬ್ಜೆಕ್ಟನ್ನ ಮುಂದೆ ತನ್ನಿ, ವಾಸ್ ಹಾಕಿ, ಮೂರನೇ ರೂಪ ಹಾಕಿ, ಬೈ ಹಾಕಿ.’ ಸೂತ್ರ ಕೆಲಸ ಮಾಡುತ್ತೆ, ಸೂತ್ರಕ್ಕೆಂದೇ ತಯಾರಾದ ವಾಕ್ಯ ಬಂದಾಗ ಮಾತ್ರ. ಅರ್ಥ ಹಿಡಿಯದೆ ಸೂತ್ರ ಹಾಕೋದು, ಯೂನಿಟ್ ನೋಡದೆ ಫಾರ್ಮುಲಾಗೆ ನಂಬರ್ ತುಂಬಿದ ಹಾಗೆ.

ನಾನು ಹೇಳೋ ದಾರಿ ಇದು. ವಾಕ್ಯ ಓದಿ. ಅದೇ ಮಾತನ್ನ ನೀವು ನಿಮ್ಮ ರೂಮ್‌ಮೇಟ್‌ಗೆ ಕನ್ನಡದಲ್ಲಿ ಹೇಗೆ ಹೇಳ್ತಿದ್ರಿ ಅಂತ ಒಂದು ಸಲ ಮನಸ್ಸಿನಲ್ಲಿ ಹೇಳಿಕೊಳ್ಳಿ. ಪುಸ್ತಕದ ಕನ್ನಡ ಬೇಡ, ಬಾಯಿಮಾತಿನ ಕನ್ನಡ. ಆಮೇಲೆ ಕೀ ವರ್ಡ್ ನೋಡಿ, ಅದು ಯಾವ ಚೌಕಟ್ಟು ಕೇಳ್ತಿದೆ ಅಂತ ಗುರುತಿಸಿ, ಬರೆಯಿರಿ. ಕೊನೆಗೆ ನೀವು ಬರೆದದ್ದನ್ನ ಮತ್ತೆ ಕನ್ನಡಕ್ಕೆ ತನ್ನಿ. ಮೊದಲು ಹೇಳಿಕೊಂಡ ಮಾತೇ ವಾಪಸ್ ಬಂದರೆ ಉತ್ತರ ಹೆಚ್ಚುಕಡಿಮೆ ಸರಿ. ಬೇರೆ ಏನೋ ಬಂದರೆ ಎಲ್ಲೋ ಜಾರಿದೆ.

ಕನ್ನಡ ಕೈ ಹಿಡಿಯುವ ಕಡೆ

“ಎ ಟೆಕ್ನಿಷಿಯನ್ ರಿಪೇರ್ಡ್ ಮೈ ಲ್ಯಾಪ್‌ಟಾಪ್ ಯೆಸ್ಟರ್ಡೇ.”
ಕೀ ವರ್ಡ್: ಹ್ಯಾಡ್
“ಐ ______ ಬೈ ಎ ಟೆಕ್ನಿಷಿಯನ್ ಯೆಸ್ಟರ್ಡೇ.”

ಇಂಗ್ಲಿಷ್ ಪಾಠದಲ್ಲಿ ಇದನ್ನ ‘ಕಾಸೆಟಿವ್’ ಅಂತ ಕರೀತಾರೆ, ಕೇಳಿದ ಕೂಡಲೇ ಅರ್ಧ ಕ್ಲಾಸ್‌ಗೆ ನಿದ್ದೆ ಬರುತ್ತೆ. ಆದರೆ ನೀವು ಕನ್ನಡದಲ್ಲಿ ಏನಂತೀರಿ? “ನಿನ್ನೆ ಲ್ಯಾಪ್‌ಟಾಪ್ ರಿಪೇರಿ ಮಾಡಿಸಿದೆ.” ಮಾಡಿದೆ ಅಲ್ಲ, ಮಾಡಿಸಿದೆ. ಆ ಒಂದು ‘ಇಸು’ ಹೈಸ್ಕೂಲ್ ವ್ಯಾಕರಣದ ಪ್ರೇರಣಾರ್ಥಕ. ಕಟ್ಟು-ಕಟ್ಟಿಸು, ಹೊಲಿ-ಹೊಲಿಸು, ಕತ್ತರಿಸಿಕೊಂಡೆ ಅಲ್ಲ ಕತ್ತರಿಸಿಕೊಂಡು ಬಂದೆ ಅಂತ ನಾವು ಕಟಿಂಗ್ ಶಾಪಿನ ಬಗ್ಗೆ ಹೇಳುವಾಗ ಮಾತ್ರ ಸ್ವಲ್ಪ ಗೋಜಲು ಮಾಡ್ತೀವಿ, ಇರಲಿ. ಎಲ್ಲಿ ಕನ್ನಡದಲ್ಲಿ ‘ಇಸಿದೆ’ ಬರುತ್ತೋ ಅಲ್ಲಿ ಇಂಗ್ಲಿಷಿನಲ್ಲಿ ‘ಹ್ಯಾಡ್’, ಆಮೇಲೆ ವಸ್ತು, ಆಮೇಲೆ ಕ್ರಿಯಾಪದದ ಮೂರನೇ ರೂಪ: ‘ಹ್ಯಾಡ್ ಮೈ ಲ್ಯಾಪ್‌ಟಾಪ್ ರಿಪೇರ್ಡ್’. ಈ ಕ್ರಮ ಮುಖ್ಯ. ‘ಹ್ಯಾಡ್ ರಿಪೇರ್ಡ್ ಮೈ ಲ್ಯಾಪ್‌ಟಾಪ್’ ಅಂತ ಬರೆದು ವಾಪಸ್ ಕನ್ನಡಕ್ಕೆ ತನ್ನಿ ನೋಡೋಣ: “ನಾನೇ ರಿಪೇರಿ ಮಾಡಿದ್ದೆ.” ಅರ್ಥ ತಲೆಕೆಳಗಾಯ್ತು. ಪದಗಳು ಅವೇ, ಜಾಗ ಬೇರೆ.

ಇದಕ್ಕಿಂತ ದೊಡ್ಡ ನಿಧಿ ನಮ್ಮ ‘ಇರಬೇಕು, ಇರಬಹುದು, ಇರಲಾರ’ಗಳಲ್ಲಿದೆ. ಕೇಂಬ್ರಿಡ್ಜ್ ಪತ್ರಿಕೆಗೆ ಈ ಮೂರೂ ಬಹಳ ಪ್ರಿಯ.

“ಐ ಆ್ಯಮ್ ಶೂರ್ ಹಿ ಹ್ಯಾಸ್ ಲೆಫ್ಟ್” ಅಂದರೆ “ಅವನು ಹೋಗಿರಬೇಕು”. ಇಂಗ್ಲಿಷ್: ‘ಹಿ ಮಸ್ಟ್ ಹ್ಯಾವ್ ಲೆಫ್ಟ್’.

“ಇಟ್ ಈಸ್ ಪಾಸಿಬಲ್ ದಟ್ ದೇ ಮಿಸ್ಡ್ ದಿ ಬಸ್” ಅಂದರೆ “ಬಸ್ ತಪ್ಪಿರಬಹುದು”. ಇಂಗ್ಲಿಷ್: ‘ದೇ ಮೈಟ್ ಹ್ಯಾವ್ ಮಿಸ್ಡ್ ದಿ ಬಸ್’.

“ಐ ಆ್ಯಮ್ ಶೂರ್ ಹಿ ಡಿಡಂಟ್ ರೈಟ್ ದಿಸ್” ಅಂದರೆ? ಸೂತ್ರದ ಹುಡುಗರು ಇಲ್ಲಿ ‘ಮಸ್ಟ್’ಗೆ ‘ನಾಟ್’ ಸೇರಿಸಿ ‘ಮಸ್ಟ್ ನಾಟ್ ಹ್ಯಾವ್’ ಅಂತ ಬರೀತಾರೆ. ಕನ್ನಡದಲ್ಲಿ ಹೇಳಿ ನೋಡಿ: “ಇದನ್ನ ಅವನು ಬರೆದಿರೋಕೆ ಸಾಧ್ಯವೇ ಇಲ್ಲ.” ಬರಹದ ಕನ್ನಡದಲ್ಲಿ “ಬರೆದಿರಲಾರ”. ‘ಸಾಧ್ಯ ಇಲ್ಲ’ ಅನ್ನೋ ಮಾತು ಬಂದ ಮೇಲೆ ‘ಕ್ಯಾನ್’ ಇಲ್ಲದೆ ಹೇಗೆ? ‘ಹಿ ಕಾಂಟ್ ಹ್ಯಾವ್ ರಿಟನ್ ದಿಸ್’. ಇಲ್ಲಿ ಕನ್ನಡದ ಕಿವಿ ಗೈಡಿಗಿಂತ ಚೆನ್ನಾಗಿ ದಾರಿ ತೋರಿಸುತ್ತೆ.

ಹಾಗೇ ಮುಂದುವರಿಸಿ. “ಆ ಬಸ್ಸಲ್ಲಿ ಹೋಗಬಾರದಿತ್ತು” ಅಂದರೆ ‘ವಿ ಶುಡ್ ನಾಟ್ ಹ್ಯಾವ್ ಗಾನ್ ಬೈ ದಟ್ ಬಸ್’; ಪ್ರಶ್ನೆಯಲ್ಲಿ ಅದು ‘ಇಟ್ ವಾಸ್ ಎ ಮಿಸ್ಟೇಕ್ ಟು ಗೋ ಬೈ ದಟ್ ಬಸ್’ ಅಂತ ಬಂದಿರುತ್ತೆ. “ಇಷ್ಟು ಬೇಗ ಬರಬೇಕಿರಲಿಲ್ಲ” (ಬಂದುಬಿಟ್ಟಿದ್ದೀರಿ, ಅದು ಬೇಡದ ಕೆಲಸ) ಅಂದರೆ ‘ಯು ನೀಡಂಟ್ ಹ್ಯಾವ್ ಕಮ್ ಸೋ ಅರ್ಲಿ’. ಬಾರದಿತ್ತು ಮತ್ತು ಬೇಕಿರಲಿಲ್ಲ ಒಂದೇ ಅಲ್ಲ ಅಂತ ನಿಮಗೆ ಯಾರೂ ಕಲಿಸಬೇಕಾಗಿಲ್ಲ. ‘ಶುಡಂಟ್ ಹ್ಯಾವ್’ ಮತ್ತು ‘ನೀಡಂಟ್ ಹ್ಯಾವ್’ ನಡುವಿನ ವ್ಯತ್ಯಾಸವೂ ಅಷ್ಟೇ.

ಇನ್ನು ‘ವಿಶ್’ ಮತ್ತು ‘ಇಫ್’. “ಐ ರಿಗ್ರೆಟ್ ನಾಟ್ ಟೇಕಿಂಗ್ ದಟ್ ಎಲೆಕ್ಟಿವ್”, ಕೀ ವರ್ಡ್ ‘ವಿಶ್’. ಕನ್ನಡದಲ್ಲಿ: “ಆ ಎಲೆಕ್ಟಿವ್ ತಗೊಂಡಿದ್ದಿದ್ರೆ ಚೆನ್ನಾಗಿರ್ತಿತ್ತು.” ಆ ‘ಇದ್ದಿದ್ರೆ’ಯಲ್ಲಿ ಭೂತಕಾಲ ಎರಡು ಸಲ ಬಂದಿದೆ ಗಮನಿಸಿ. ಇಂಗ್ಲಿಷೂ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತೆ: ‘ಐ ವಿಶ್ ಐ ಹ್ಯಾಡ್ ಟೇಕನ್ ದಟ್ ಎಲೆಕ್ಟಿವ್’. ಈಗಿನ ಕೊರಗು ಆದರೆ? “ಇಟ್ ಈಸ್ ಎ ಪಿಟಿ ಐ ಡೋಂಟ್ ನೋ ಜರ್ಮನ್.” ಬಹಳಷ್ಟು ಜನ ‘ಐ ವಿಶ್ ಐ ನೋ’ ಅಂತ ಬರೀತಾರೆ. ಸರಿಯಾದದ್ದು ‘ಐ ವಿಶ್ ಐ ನ್ಯೂ ಜರ್ಮನ್’. ಈಗಿನ ಮಾತಿಗೆ ಹಿಂದಿನ ಕಾಲದ ರೂಪ ಯಾಕೆ ಅಂತ ವಿಚಿತ್ರ ಅನ್ನಿಸಿದರೆ ನಮ್ಮ ‘ಬಂದರೆ’ ನೋಡಿ. “ನಾಳೆ ಮಳೆ ಬಂದರೆ” ಅಂತೀವಿ; ನಾಳೆಯ ಮಾತು, ಆದರೆ ‘ಬಂದ’ ಅನ್ನೋ ಭೂತಕಾಲದ ರೂಪದ ಮೇಲೇ ಆ ‘ಅರೆ’ ಕೂತಿದೆ. ನಡೆಯದೇ ಇರೋದನ್ನ, ನಡೆಯಬಹುದಾದದ್ದನ್ನ ಹೇಳೋಕೆ ಭೂತಕಾಲದ ರೂಪ ಸಾಲ ತಗೊಳ್ಳೋ ಅಭ್ಯಾಸ ನಮಗೆ ಹೊಸದೇನಲ್ಲ.

ಪ್ಯಾಸಿವ್ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ: ಕನ್ನಡದಲ್ಲಿ ಕರ್ಮಣಿ ಪ್ರಯೋಗ ಬಳಕೆಯಲ್ಲಿಲ್ಲ, ಅದಕ್ಕೇ ನಮಗೆ ಪ್ಯಾಸಿವ್ ಕಷ್ಟ ಅಂತ. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಅಂತ ಯಾರೂ ಮಾತಾಡಲ್ಲ, ನಿಜ. ಆದರೆ ಪ್ಯಾಸಿವ್ ಮಾಡೋ ಕೆಲಸವನ್ನ ನಾವು ದಿನಾ ಇನ್ನೊಂದು ರೀತಿಯಲ್ಲಿ ಮಾಡ್ತೀವಿ. “ಇಂಟರ್ನಲ್ಸ್ ಮುಂದೆ ಹಾಕಿದಾರಂತೆ.” ಯಾರು ಹಾಕಿದ್ದು? ಗೊತ್ತಿಲ್ಲ, ಬೇಕಾಗೂ ಇಲ್ಲ. “ರಸ್ತೆ ಅಗೆದಿದಾರೆ.” “ಮೆಸ್ಸಲ್ಲಿ ರೇಟ್ ಜಾಸ್ತಿ ಮಾಡಿದಾರೆ.” ಕರ್ತೃ ಇಲ್ಲದೆ ‘ಆರೆ’ ಅಂತ ಮುಗಿಯೋ ಈ ವಾಕ್ಯಗಳೇ ನಮ್ಮ ಪ್ಯಾಸಿವ್. ‘ದಿ ಇಂಟರ್ನಲ್ಸ್ ಹ್ಯಾವ್ ಬೀನ್ ಪೋಸ್ಟ್‌ಪೋನ್ಡ್’, ‘ದಿ ರೋಡ್ ಹ್ಯಾಸ್ ಬೀನ್ ಡಗ್ ಅಪ್’. ಕೊನೆಯಲ್ಲಿ ‘ಬೈ ದೆಮ್’ ಅಂತ ಸೇರಿಸೋ ಗೈಡಿನ ಚಾಳಿ ಬಿಡಿ. ಯಾರು ಅನ್ನೋದು ಮುಖ್ಯವಲ್ಲ ಅಂತಲೇ ಪ್ಯಾಸಿವ್ ಬಂದದ್ದು.

ಇದರಲ್ಲಿ ಒಂದೇ ಒಂದು ಮುಳ್ಳು. “ಸರ್ ಮೇಡ್ ಅಸ್ ರೀಡ್ರಾ ದಿ ಡಯಗ್ರಾಮ್” ಅನ್ನೋದನ್ನ ‘ವಿ’ಯಿಂದ ಶುರು ಮಾಡಿದರೆ ‘ವಿ ವರ್ ಮೇಡ್ ಟು ರೀಡ್ರಾ ದಿ ಡಯಗ್ರಾಮ್’ ಆಗುತ್ತೆ. ಮೊದಲು ಇಲ್ಲದ ‘ಟು’ ಪ್ಯಾಸಿವ್‌ನಲ್ಲಿ ಬಂದು ಕೂರುತ್ತೆ. ಇದಕ್ಕೆ ಕನ್ನಡದಿಂದ ಯಾವ ಸಹಾಯವೂ ಸಿಗೋದಿಲ್ಲ, ಬಾಯಿಪಾಠ ಮಾಡಿಕೊಳ್ಳಿ.

ಕನ್ನಡ ಜಾರಿಸುವ ಕಡೆ

ಇನ್ನೊಂದು ಮುಖವನ್ನೂ ಹೇಳಬೇಕು. ಕೆಲವು ಕಡೆ ಕನ್ನಡ ನಮ್ಮನ್ನ ನೇರ ಗುಂಡಿಗೆ ಇಳಿಸುತ್ತೆ. ಅವು ಎಲ್ಲೆಲ್ಲಿ ಅಂತ ಗೊತ್ತಿದ್ದರೆ ಸುತ್ತು ಹಾಕಿ ಹೋಗಬಹುದು.

ಮೊದಲನೆಯದು ‘ಇಂದ’. “2023ರಿಂದ ಹಾಸ್ಟೆಲಲ್ಲಿದೀನಿ”, “ಎರಡು ವರ್ಷದಿಂದ ಹಾಸ್ಟೆಲಲ್ಲಿದೀನಿ”. ಎರಡಕ್ಕೂ ನಮಗೆ ಒಂದೇ ‘ಇಂದ’, ಎರಡಕ್ಕೂ ವರ್ತಮಾನ ಕಾಲ. ಹಾಗೇ ಇಳಿಸಿದರೆ ‘ಐ ಆ್ಯಮ್ ಇನ್ ಹಾಸ್ಟೆಲ್ ಸಿನ್ಸ್ ಟು ಇಯರ್ಸ್’ ಆಗುತ್ತೆ. ನಮ್ಮ ಕ್ಯಾಂಪಸ್ಸಿನಲ್ಲಿ ದಿನಕ್ಕೆ ನೂರು ಸಲ ಕೇಳೋ ವಾಕ್ಯ, ಪರೀಕ್ಷೆಯಲ್ಲಿ ಎರಡು ಅಂಕವೂ ಹೋಗೋ ವಾಕ್ಯ. ಶುರುವಾದ ಬಿಂದು ಹೇಳಿದರೆ ‘ಸಿನ್ಸ್’, ಉದ್ದ ಹೇಳಿದರೆ ‘ಫಾರ್’, ಎರಡಕ್ಕೂ ‘ಹ್ಯಾವ್ ಬೀನ್’. ಗ್ರಾಫ್ ಹಾಕಿ ಅಭ್ಯಾಸ ಇರೋ ನಮಗೆ ಇದನ್ನ ನೆನಪಿಡೋದು ಸುಲಭ: ‘ಸಿನ್ಸ್’ ಅಕ್ಷದ ಮೇಲಿನ ಒಂದು ಬಿಂದು, ‘ಫಾರ್’ ಎರಡು ಬಿಂದುಗಳ ನಡುವಿನ ಅಂತರ.

ಎರಡನೆಯದು, ಮತ್ತು ನನ್ನ ಪ್ರಕಾರ ಅತಿ ದೊಡ್ಡದು, ‘ಅಂತ’. ಕನ್ನಡದಲ್ಲಿ ಬೇರೆಯವರ ಮಾತನ್ನ ಹೇಳೋದು ಎಷ್ಟು ಸುಲಭ! ಅವರು ಆಡಿದ್ದನ್ನ ಹಾಗೇ ಇಟ್ಟು ಕೊನೆಗೆ ‘ಅಂತ ಅಂದ’ ಅಂಟಿಸಿದರೆ ಮುಗೀತು. “ನಾಳೆ ಬರ್ತೀನಿ ಅಂತ ಹೇಳಿದ.” ‘ಬರ್ತೀನಿ’ ಅನ್ನೋದರಲ್ಲಿರೋ ‘ನಾನು’ ಅವನು, ‘ನಾಳೆ’ ಅವನ ನಾಳೆ. ಇಂಗ್ಲಿಷ್ ಇದನ್ನ ಒಪ್ಪೋದಿಲ್ಲ. ಹೇಳೋನು ಈಗ ನೀವು, ಹಾಗಾಗಿ ಎಲ್ಲವೂ ನಿಮ್ಮ ಕಣ್ಣಿನಿಂದಲೇ ಕಾಣಬೇಕು: ‘ಹಿ ಸೆಡ್ ಹಿ ವುಡ್ ಕಮ್ ದಿ ನೆಕ್ಸ್ಟ್ ಡೇ’. ಕ್ಯಾಮೆರಾ ಅವನ ಕೈಯಿಂದ ನಿಮ್ಮ ಕೈಗೆ ಬಂತು ಅಂದುಕೊಳ್ಳಿ. ಅದಕ್ಕೇ ‘ಐ’ ಹೋಗಿ ‘ಹಿ’ ಬಂತು, ‘ವಿಲ್’ ಹೋಗಿ ‘ವುಡ್’ ಬಂತು. ‘ಹಿ ಸೇಸ್’ ಅಂತ ವರ್ತಮಾನದಲ್ಲೇ ಶುರುವಾದರೆ ಕಾಲ ಬದಲಾಗೋದಿಲ್ಲ. ಎಸ್‌ಎಸ್‌ಸಿಯಲ್ಲಿ ಈ ಒಂದನ್ನೇ ಇಟ್ಟು ಬೀಳಿಸ್ತಾರೆ.

ಪ್ರಶ್ನೆಯನ್ನ ವರದಿ ಮಾಡುವಾಗಲೂ ಇದೇ ಪಾಡು. “ವೇರ್ ಈಸ್ ದಿ ಲ್ಯಾಬ್?” ಅಂತ ಅವಳು ಕೇಳಿದಳು. ‘ಶಿ ಆಸ್ಕ್ಡ್ ಮಿ ವೇರ್ ದಿ ಲ್ಯಾಬ್ ವಾಸ್’. ‘ವೇರ್ ವಾಸ್ ದಿ ಲ್ಯಾಬ್’ ಅಲ್ಲ. ವರದಿಯಾದ ಮೇಲೆ ಅದು ಪ್ರಶ್ನೆಯಲ್ಲ, ಪ್ರಶ್ನೆಯ ಪದಕ್ರಮ ಅದಕ್ಕೆ ಬೇಡ.

ಕೇಂಬ್ರಿಡ್ಜ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗ್ತಾರೆ. ಅವರಿಗೆ ‘ಸೆಡ್’ ಸಾಕಾಗೋದಿಲ್ಲ. ನಮ್ಮ ‘ಅಂದ’ ಎಲ್ಲದಕ್ಕೂ ಆಗುತ್ತೆ: ಸಾರಿ ಅಂದ, ಹೋಗೋಣ ಅಂದ, ನಾನು ಮಾಡಿಲ್ಲ ಅಂದ, ಆಗಲ್ಲ ಅಂದ. ಇಂಗ್ಲಿಷಿನಲ್ಲಿ ಇವು ನಾಲ್ಕು ಬೇರೆ ಬೇರೆ ಕ್ರಿಯಾಪದ, ಪ್ರತಿಯೊಂದರ ಬಾಲವೂ ಬೇರೆ. ‘ಅಪಾಲಜೈಸ್ಡ್ ಫಾರ್ ಬೀಯಿಂಗ್ ಲೇಟ್’, ‘ಸಜೆಸ್ಟೆಡ್ ಗೋಯಿಂಗ್ ಟು ನಂದಿ ಹಿಲ್ಸ್’, ‘ಡಿನೈಡ್ ಡೂಯಿಂಗ್ ಇಟ್’, ‘ರೆಫ್ಯೂಸ್ಡ್ ಟು ಡೂ ಇಟ್’. ಇವುಗಳ ಜೊತೆ ‘ವಾರ್ನ್ಡ್ ಅಸ್ ನಾಟ್ ಟು ಟಚ್ ದಿ ವೈರ್’, ‘ಇನ್ಸಿಸ್ಟೆಡ್ ಆನ್ ಪೇಯಿಂಗ್’, ‘ಅಕ್ಯೂಸ್ಡ್ ಹಿಮ್ ಆಫ್ ಕಾಪಿಯಿಂಗ್’. ಬಾಲ ಸಮೇತ ಕಲೀಬೇಕು. ‘ಸಜೆಸ್ಟ್’ ಅಂತ ಮಾತ್ರ ಕಲಿತರೆ ‘ಸಜೆಸ್ಟೆಡ್ ಅಸ್ ಟು ಗೋ’ ಅಂತ ಬರೆದು ಬರ್ತೀರಿ, ಅದು ತಪ್ಪು. ಕೀ ವರ್ಡ್ ಆಗಿ ಈ ಕ್ರಿಯಾಪದ ಕಂಡರೆ ಒಂದು ಅಂಕ ಬಾಲಕ್ಕೇ ಇರುತ್ತೆ ಅಂತ ತಿಳೀರಿ.

ಮೂರನೆಯದು ‘ಅನ್‌ಲೆಸ್’. “ಐಡಿ ಕಾರ್ಡ್ ತೋರಿಸದ ಹೊರತು ಒಳಗೆ ಬಿಡಲ್ಲ.” ನಮ್ಮಲ್ಲಿ ‘ತೋರಿಸದ’ ಅನ್ನೋದರಲ್ಲೇ ‘ಇಲ್ಲ’ ಇದೆ. ಇಂಗ್ಲಿಷಿನಲ್ಲಿ ಆ ‘ಇಲ್ಲ’ ‘ಅನ್‌ಲೆಸ್’ ಒಳಗೇ ಸೇರಿಹೋಗಿದೆ. ‘ಅನ್‌ಲೆಸ್ ಯು ಶೋ ಯುವರ್ ಐಡಿ’. ಮತ್ತೆ ‘ಡೋಂಟ್’ ಸೇರಿಸಿದರೆ ಎರಡು ಮೈನಸ್ ಸೇರಿ ಪ್ಲಸ್ ಆಗಿ, ಕಾರ್ಡ್ ತೋರಿಸಿದವರನ್ನೇ ಹೊರಗೆ ನಿಲ್ಲಿಸಿದ ಹಾಗಾಗುತ್ತೆ.

‘ದೋ’ ಮತ್ತು ‘ಡಿಸ್‌ಪೈಟ್’ ಜೋಡಿಗೆ ಕನ್ನಡದಲ್ಲಿ ಒಳ್ಳೆ ಸಮಾನ ಜೋಡಿ ಇದೆ. “ಮಳೆ ಬರ್ತಿದ್ರೂ ಮ್ಯಾಚ್ ನಡೀತು” ಅಂದಾಗ ಒಳಗೆ ಕ್ರಿಯಾಪದ ಇದೆ, ಅದು ‘ಆಲ್ದೋ ಇಟ್ ವಾಸ್ ರೇನಿಂಗ್’. “ಮಳೆಯ ನಡುವೆಯೂ ಮ್ಯಾಚ್ ನಡೀತು” ಅಂದಾಗ ಬರೀ ನಾಮಪದ, ಅದು ‘ಡಿಸ್‌ಪೈಟ್ ದಿ ರೇನ್’. ‘ಡಿಸ್‌ಪೈಟ್’ ಜೊತೆ ‘ಆಫ್’ ಬರೋದಿಲ್ಲ. ‘ಇನ್ ಸ್ಪೈಟ್’ ಜೊತೆ ಬಂದೇ ಬರುತ್ತೆ. ಕೀ ವರ್ಡ್ ‘ಸ್ಪೈಟ್’ ಕೊಟ್ಟರೆ ಹಿಂದೆ ‘ಇನ್’, ಮುಂದೆ ‘ಆಫ್’ ಎರಡನ್ನೂ ನೀವೇ ಹಾಕಬೇಕು.

‘ಟೂ’ ಮತ್ತು ‘ಸೋ… ದಟ್’ ಹಳೇ ಪರಿಚಯ, ಹೆಚ್ಚು ಹೇಳಬೇಕಿಲ್ಲ. “ದಿ ಕಾಫಿ ವಾಸ್ ಸೋ ಹಾಟ್ ದಟ್ ಐ ಕುಡಂಟ್ ಡ್ರಿಂಕ್ ಇಟ್” ಅನ್ನೋದು ‘ದಿ ಕಾಫಿ ವಾಸ್ ಟೂ ಹಾಟ್ ಫಾರ್ ಮಿ ಟು ಡ್ರಿಂಕ್’ ಆಗುತ್ತೆ. ಕೊನೆಯ ‘ಇಟ್’ ಉದುರಿಹೋಗುತ್ತೆ, ಅಷ್ಟು ನೆನಪಿಡಿ. ಡಿಗ್ರೀಸ್ ಆಫ್ ಕಂಪ್ಯಾರಿಸನ್ ಕೂಡ ಹೈಸ್ಕೂಲಿನಲ್ಲೇ ಸಾಕಷ್ಟು ಆಗಿದೆ.

ಅಭ್ಯಾಸ ಹೇಗೆ

ಇನ್ನೂರು ವಾಕ್ಯಗಳ ಪಿಡಿಎಫ್ ಒಂದು ಎಲ್ಲರ ಫೋನಿನಲ್ಲೂ ಓಡಾಡ್ತಿರುತ್ತೆ. ಅದನ್ನ ಓದಿ ಮುಗಿಸೋದರಿಂದ ಓದಿ ಮುಗಿಸಿದೆ ಅನ್ನೋ ಸಮಾಧಾನ ಬಿಟ್ಟು ಹೆಚ್ಚೇನೂ ಸಿಗೋದಿಲ್ಲ. ಇಪ್ಪತ್ತೈದು-ಮೂವತ್ತು ಚೌಕಟ್ಟು ಸಾಕು, ಆದರೆ ಪ್ರತಿಯೊಂದೂ ನಿಮ್ಮದೇ ವಾಕ್ಯದಲ್ಲಿ ಇರಬೇಕು. ಒಂದು ನೋಟ್‌ಬುಕ್ ಇಡಿ. ಎಡಗಡೆ ಪುಟದಲ್ಲಿ ಅವತ್ತು ನೀವು ನಿಜವಾಗಲೂ ಆಡಿದ ಒಂದು ಕನ್ನಡ ಮಾತು: “ಇನ್ನೊಂದು ಹತ್ತು ನಿಮಿಷ ಮುಂಚೆ ಹೊರಟಿದ್ದಿದ್ರೆ ಬಸ್ ಸಿಕ್ತಿತ್ತು.” ಬಲಗಡೆ ಅದೇ ಅರ್ಥದ ಎರಡು ಅಥವಾ ಮೂರು ಇಂಗ್ಲಿಷ್ ವಾಕ್ಯ: ಒಂದು ‘ಇಫ್’ ಹಾಕಿ, ಒಂದು ‘ವಿಶ್’ ಹಾಕಿ, ಒಂದು ‘ಶುಡ್ ಹ್ಯಾವ್’ ಹಾಕಿ. ದಿನಕ್ಕೆ ಎರಡು ಮಾತು ಸಾಕು. ಲ್ಯಾಬ್ ರೆಕಾರ್ಡ್ ಇನ್ನೊಂದು ಗಣಿ. ಅದರ ಪ್ರೊಸೀಜರ್ ಪೂರ್ತಿ ಪ್ಯಾಸಿವ್‌ನಲ್ಲಿರುತ್ತೆ, ಸೀನಿಯರ್ ರೆಕಾರ್ಡ್ ನೋಡಿ ಇಳಿಸೋ ಬದಲು ಒಂದೊಂದು ವಾಕ್ಯವನ್ನ ಆಕ್ಟಿವ್ ಮಾಡಿ, ಮತ್ತೆ ಪ್ಯಾಸಿವ್ ಮಾಡಿ ಬರೆದರೆ ಒಂದೇ ಕೈಯಲ್ಲಿ ಎರಡು ಕೆಲಸ.

ಇಬ್ಬರಿದ್ದರೆ ಇನ್ನೂ ಚೆನ್ನ. ಒಬ್ಬರು ವಾಕ್ಯ ಮತ್ತು ಕೀ ವರ್ಡ್ ಕೊಡೋದು, ಇನ್ನೊಬ್ಬರು ಬದಲಿಸೋದು, ಕೊಟ್ಟವರು ಅದನ್ನ ವಾಪಸ್ ಕನ್ನಡಕ್ಕೆ ತಂದು ನೋಡೋದು. ಪ್ರಶ್ನೆ ತಯಾರಿಸುವವರೇ ಹೆಚ್ಚು ಕಲೀತಾರೆ. ಯಾಕಂದ್ರೆ ಎಲ್ಲಿ ಖಾಲಿ ಬಿಟ್ಟರೆ ಐದು ಪದದಲ್ಲಿ ಮುಗಿಯುತ್ತೆ ಅಂತ ಯೋಚಿಸುವಾಗ ಪರೀಕ್ಷಕರ ತಲೆ ಒಳಗೆ ಹೊಕ್ಕು ಬಂದ ಹಾಗಾಗುತ್ತೆ.

ಪರೀಕ್ಷೆಯಲ್ಲಿ ಆರು ಪ್ರಶ್ನೆಗೆ ಎಂಟರಿಂದ ಹತ್ತು ನಿಮಿಷ ಇಟ್ಟುಕೊಳ್ಳಿ. 75 ನಿಮಿಷದಲ್ಲಿ ಇನ್ನೂ ಮೂರು ರೀಡಿಂಗ್ ಭಾಗ ಮುಂದಿದೆ, ಅವಕ್ಕೆ ಹೆಚ್ಚು ಸಮಯ ಬೇಕು. ಬರೆದಾದ ಮೇಲೆ ಮೂರು ನೋಟ: ಪದ ಎಣಿಸಿ, ಕೀ ವರ್ಡ್ ಬದಲಾಗಿಲ್ಲ ಅಂತ ನೋಡಿ, ಮೊದಲ ವಾಕ್ಯದ ಯಾವುದಾದರೂ ಸಣ್ಣ ಪದ (ಆಲ್ಮೋಸ್ಟ್, ಓನ್ಲಿ, ಎವರ್) ಕೈಬಿಟ್ಟಿದೀರಾ ನೋಡಿ. ಆ ಸಣ್ಣ ಪದಗಳಲ್ಲೇ ಅರ್ಥ ಸೋರಿಹೋಗೋದು.

ಅಂದ ಹಾಗೆ, ಕೇಂಬ್ರಿಡ್ಜ್‌ನವರ ಪ್ರೊಫಿಷಿಯೆನ್ಸಿ ಪರೀಕ್ಷೆ ಶುರುವಾದದ್ದು 1913ರಲ್ಲಿ. ಆ ವರ್ಷ ಕೂತವರು ಮೂರೇ ಜನ, ಮೂರೂ ಜನ ಫೇಲು. ಅದರಲ್ಲಿ ಇಂಗ್ಲಿಷಿನಿಂದ ಫ್ರೆಂಚ್ ಅಥವಾ ಜರ್ಮನ್‌ಗೆ, ಅಲ್ಲಿಂದ ಇಂಗ್ಲಿಷಿಗೆ ಅನುವಾದ ಮಾಡೋ ಪತ್ರಿಕೆಯೂ ಇತ್ತು. ಇನ್ನೊಂದು ಭಾಷೆಯನ್ನ ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷ್ ಪರೀಕ್ಷೆ ಮಾಡೋದು ಅವರಿಗೇ ಹಳೇ ಪದ್ಧತಿ!

ಈಗ ಆರು ಪ್ರಶ್ನೆ. ಪೆನ್ ತಗೊಳ್ಳಿ, ಎಂಟು ನಿಮಿಷ. 2ರಿಂದ 5 ಪದ.

1. “ದೇ ಹ್ಯಾವ್ ಕ್ಯಾನ್ಸಲ್ಡ್ ದಿ ಲ್ಯಾಬ್ ಎಕ್ಸಾಮ್.” (ಬೀನ್)
“ದಿ ಲ್ಯಾಬ್ ಎಕ್ಸಾಮ್ ______.”

2. “ಐ ಆ್ಯಮ್ ಶೂರ್ ಕಿರಣ್ ಡಿಡಂಟ್ ಕಾಪಿ ದಿಸ್ ಕೋಡ್.” (ಕಾಂಟ್)
“ಕಿರಣ್ ______ ದಿಸ್ ಕೋಡ್.”

3. “ಇಟ್ ಈಸ್ ಎ ಪಿಟಿ ವಿ ಡಿಡಂಟ್ ಬುಕ್ ದಿ ಟಿಕೆಟ್ಸ್ ಅರ್ಲಿಯರ್.” (ವಿಶ್)
“ಐ ______ ದಿ ಟಿಕೆಟ್ಸ್ ಅರ್ಲಿಯರ್.”

4. “‘ಶಲ್ ವಿ ಹ್ಯಾವ್ ಟೀ ಇನ್ ದಿ ಕ್ಯಾಂಟೀನ್?’ ಸೆಡ್ ಆಶಾ.” (ಸಜೆಸ್ಟೆಡ್)
“ಆಶಾ ______ ಟೀ ಇನ್ ದಿ ಕ್ಯಾಂಟೀನ್.”

5. “ನೋಬಡಿ ಹ್ಯಾಸ್ ಕ್ಲೀನ್ಡ್ ದಿಸ್ ವಾಟರ್ ಟ್ಯಾಂಕ್ ಫಾರ್ ಸಿಕ್ಸ್ ಮಂತ್ಸ್.” (ಸಿನ್ಸ್)
“ಇಟ್ ಈಸ್ ಸಿಕ್ಸ್ ಮಂತ್ಸ್ ______ ಕ್ಲೀನ್ಡ್.”

6. “ಆಲ್ದೋ ದಿ ನೆಟ್‌ವರ್ಕ್ ವಾಸ್ ಪೂರ್, ವಿ ಫಿನಿಶ್ಡ್ ದಿ ಮೀಟಿಂಗ್.” (ಡಿಸ್‌ಪೈಟ್)
“ವಿ ಫಿನಿಶ್ಡ್ ದಿ ಮೀಟಿಂಗ್ ______ ನೆಟ್‌ವರ್ಕ್.”

ಬರೆದಾಯ್ತಾ? ಒಂದನೆಯದು ‘ಹ್ಯಾಸ್ ಬೀನ್ ಕ್ಯಾನ್ಸಲ್ಡ್’. ‘ಹ್ಯಾವ್’ ಇದ್ದದ್ದು ‘ಹ್ಯಾಸ್’ ಆಗಬೇಕು, ಕರ್ತೃ ಬದಲಾಯ್ತಲ್ಲ. ಎರಡನೆಯದು ‘ಕಾಂಟ್ ಹ್ಯಾವ್ ಕಾಪೀಡ್’, ಎಣಿಕೆಯಲ್ಲಿ ಮೂರು ಪದ. ಮೂರನೆಯದು ‘ವಿಶ್ ವಿ ಹ್ಯಾಡ್ ಬುಕ್ಡ್’: ಬುಕ್ ಮಾಡಿದ್ದಿದ್ರೆ. ನಾಲ್ಕನೆಯದು ‘ಸಜೆಸ್ಟೆಡ್ ಹ್ಯಾವಿಂಗ್’. ಎರಡೇ ಪದದಲ್ಲಿ ಮುಗೀತಲ್ಲಾ ಅಂತ ಅನುಮಾನ ಬೇಡ, ಎರಡಕ್ಕೂ ಅವಕಾಶ ಇದೆ. ‘ಸಜೆಸ್ಟೆಡ್ ದಟ್ ವಿ ಹ್ಯಾವ್’ ಬರೆದಿದ್ದರೂ ಸರಿ. ಆರನೆಯದು ‘ಡಿಸ್‌ಪೈಟ್ ದಿ ಪೂರ್’. ‘ವಾಸ್’ ಅನ್ನೋ ಕ್ರಿಯಾಪದ ಬಿಟ್ಟು ವಿಶೇಷಣವನ್ನ ನಾಮಪದದ ಮುಂದೆ ತಂದು ಕೂರಿಸಬೇಕಿತ್ತು, ಕಳಪೆ ನೆಟ್‌ವರ್ಕ್ ನಡುವೆಯೂ ಅಂತ.

ಐದನೆಯದನ್ನ ಬೇಕಂತಲೇ ಕೊನೆಗೆ ಇಟ್ಟುಕೊಂಡೆ. ಅದರಲ್ಲಿ ಎರಡು ಬದಲಾವಣೆ ಒಟ್ಟಿಗೆ ಇದೆ. “ಈ ಟ್ಯಾಂಕ್ ಕ್ಲೀನ್ ಮಾಡಿ ಆರು ತಿಂಗಳಾಯ್ತು.” ಯಾರು ಮಾಡಿದ್ದು ಅಂತ ಕನ್ನಡದಲ್ಲೂ ಇಲ್ಲ, ಹಾಗಾಗಿ ಪ್ಯಾಸಿವ್. ಕ್ಲೀನ್ ಆದದ್ದು ಆರು ತಿಂಗಳ ಹಿಂದಿನ ಒಂದು ಬಿಂದು, ಹಾಗಾಗಿ ‘ಸಿನ್ಸ್’ ಆದ ಮೇಲೆ ಸರಳ ಭೂತಕಾಲ. ‘ಸಿನ್ಸ್ ದಿಸ್ ವಾಟರ್ ಟ್ಯಾಂಕ್ ವಾಸ್’. ಐದು ಪದ. ಮೂಲ ವಾಕ್ಯದ ‘ನೋಬಡಿ’ ಎಲ್ಲಿ ಹೋಯ್ತು ಅಂತ ಹುಡುಕಿದವರು ‘ವಾಸ್ ನಾಟ್’ ಅಂತ ಬರೆದಿರಬಹುದು. ಅದನ್ನ ಕನ್ನಡಕ್ಕೆ ವಾಪಸ್ ತನ್ನಿ, “ಕ್ಲೀನ್ ಮಾಡದೆ ಆರು ತಿಂಗಳಾಯ್ತು” ಅಂತ ಬರುತ್ತೆ. ಬಾಯಿಮಾತಿನಲ್ಲಿ ನಾವು ಹಾಗೂ ಅಂತೀವಿ, ಹಾಗಾಗಿ ಇಲ್ಲಿ ಕಿವಿ ಮೋಸ ಹೋಗಬಹುದು. ಇಂಗ್ಲಿಷಿನಲ್ಲಿ ಲೆಕ್ಕ ಶುರುವಾಗೋದು ಕೊನೇ ಸಲ ಕ್ಲೀನ್ ಆದ ದಿನದಿಂದ, ಆದ್ದರಿಂದ ‘ನಾಟ್’ ಬರೋದಿಲ್ಲ.